ಬಸಣ್ಣನ ಬಣಿವೆಯ ಮೇಲಿನ ಮೂರು ಕಡ್ಡಿ

ಹತ್ತಿಗುಣಕಿಯ ಶಂಕರೆಪ್ಪ ಸುಳ್ಳು ಹೇಳುವ ಮನುಷ್ಯನಲ್ಲ. ಇದ್ದದ್ದಕ್ಕೆ ಒಂದಿಷ್ಟು ನೀರು, ಗೊಬ್ಬರ ಹಾಕಿ ಬೆಳೆಸಿ ಹೇಳುತ್ತಾನೆ, ಅಷ್ಟೇ. ಒಕ್ಕಲುತನದವನಿಗೆ ಬೆಳೆಸುವುದು ರೂಢಿ. ಹೊಲ ಎಷ್ಟು ಎಂದು ಯಾರಾದರೂ ಕೇಳಿದರೆ ಪಕ್ಕದಲ್ಲಿ ಹರಿಯುವ ಸರಕಾರದ ಕಾಲುವೆಯನ್ನೂ ಸೇರಿಸಿ ಲೆಕ್ಕ ಕೊಡುವವನು, ಮೊಬೈಲ್ ನೆಟ್‌ವರ್ಕ್ ವಿಷಯದಲ್ಲಿ ಮಾತ್ರ ತನ್ನದೆಂದು ಹೆಚ್ಚು ಕೂಡಿಸಲಿಲ್ಲ. ಕಂಪನಿಯವರು ಹೇಳಿದ್ದನ್ನೇ ಹೇಳಿದ. ಕೆಟ್ಟದ್ದು ಅಲ್ಲೇ.

ಅವನ ಮಗ ಸಂಗಮೇಶನಿಗೆ ಕನ್ಯೆ ಹುಡುಕಲು ಶುರುಮಾಡಿ ನಾಲ್ಕು ಯುಗಾದಿ ಕಳೆದಿದ್ದವು. ಇಂಡಿ ತಾಲೂಕಿನಿಂದ ಮುದ್ದೇಬಿಹಾಳದ ತನಕ ಹೆಣ್ಣು ಹೆತ್ತವರ ಕಟ್ಟೆಗಳೆಲ್ಲ ಶಂಕರೆಪ್ಪ ಕುಳಿತು ಕುಳಿತೇ ನುಣುಪಾಗಿದ್ದವು. ಹುಡುಗ ಒಕ್ಕಲುತನ ಮಾಡುತ್ತಾನೆ ಎಂದು ಗೊತ್ತಾದ ಕೂಡಲೇ ಆ ಕಡೆಯವರು ಅವಲಕ್ಕಿ ಕೊಡುತ್ತಿದ್ದರು, ಚಹಾ ಕೊಡುತ್ತಿದ್ದರು, ಬಸ್ಸಿನ ವೇಳೆ ಕೂಡ ತಾವಾಗಿಯೇ ಹೇಳುತ್ತಿದ್ದರು. ಹೆಣ್ಣು ಮಾತ್ರ ಕೊಡುತ್ತಿರಲಿಲ್ಲ.

ಹೀಗಿರುವಾಗ ತಾಳಿಕೋಟೆಯ ಒಂದು ಮದುವೆ ಊಟದ ಪಂಕ್ತಿಯಲ್ಲಿ ಶಂಕರೆಪ್ಪನ ಮಗ್ಗುಲಿಗೆ ಗುರಣ್ಣ ಎಂಬವರು ಕುಳಿತರು. ಅಲ್ಲೇ ಹತ್ತಿರದ ಹಳ್ಳಿಯವರು. ಮಗಳ ಹೆಸರು ಪಲ್ಲವಿ. ಹಳ್ಳಿಯ ಮುದುಕರಿಗೆ ಬ್ಯಾಂಕಿನ ಪರವಾಗಿ ಹೆಬ್ಬೆಟ್ಟಿನ ಮಶೀನಿನಲ್ಲಿ ಸರಕಾರದ ಪಗಾರ, ಎಂದರೆ ಪಿಂಚಣಿ, ಹಂಚುವ ಕೆಲಸ ಅವಳದು. ಒಕ್ಕಲುತನದ ಮನೆಯಾದರೂ ಆದೀತು ಎಂದು ಹುಡುಗಿಯೇ ಹೇಳಿದ್ದಾಳೆ ಎಂಬ ಮಾತು ಕೇಳಿ ಶಂಕರೆಪ್ಪನ ಕೈಯೊಳಗಿನ ಹೋಳಿಗೆ ತುಪ್ಪದಲ್ಲೇ ನಿಂತಿತು.

"ಆದ್ರ ಒಂದ್ ಮಾತ್ರಿ," ಎಂದರು ಗುರಣ್ಣ. "ಮದುವಿ ಆದಮ್ಯಾಲ ಬ್ಯಾಂಕಿನವರು ಗಂಡನ ಊರಾಗ ಮಶೀನ್ ಇಟಗೊಳ್ಳಾಕ ಕೊಡ್ತಾರಂತ. ಅಲ್ಲಿ ನೆಟ್‌ವರ್ಕ್ ಇರಬೇಕು. ಬಂಗಾರ ಬ್ಯಾಡ, ಬೆಳ್ಳಿ ಬ್ಯಾಡ, ನೆಟ್‌ವರ್ಕ್ ಇಲ್ಲದ ಮನಿಗೆ ನಾ ಹೋಗಂಗಿಲ್ಲ ಅಂತಾಳ."

"ನಮ್ಮೂರಾಗರೀ?" ಶಂಕರೆಪ್ಪ ನಕ್ಕ. "ನಮ್ಮೂರಾಗ ದನದ ಕೊಟ್ಟಿಗ್ಯಾಗೂ ಫುಲ್ ಬರ್ತೈತ್ರಿ."

ಮಾತಿಗೆ ಸಾಕ್ಷಿ ಬೇಕಲ್ಲ. ಎಡಗೈಯಲ್ಲಿ ಫೋನು ತೆಗೆದು ಕಂಪನಿಯ ನಕಾಶೆ ತೋರಿಸಿದ. ತಾಳಿಕೋಟೆಯಲ್ಲಿ ನೆಟ್‌ವರ್ಕ್ ಇದ್ದುದರಿಂದ ಅದು ತಕ್ಷಣ ತೆರೆಯಿತು. ಇಡೀ ಜಿಲ್ಲೆ ಮುಂಗಾರಿನ ಹೆಸರು ಬೆಳೆಯಂತೆ ಹಸಿರಾಗಿತ್ತು. ಅದರ ನಟ್ಟನಡುವೆ ಹತ್ತಿಗುಣಕಿ. ಗುರಣ್ಣ ಕನ್ನಡಕ ಏರಿಸಿಕೊಂಡು ಬೆರಳಿನಿಂದ ನಕಾಶೆಯನ್ನು ಅತ್ತ ಸರಿಸಿದರು, ಇತ್ತ ಸರಿಸಿದರು.

"ಇಲ್ಲಿ ಡ್ಯಾಮಿನ ಹಿನ್ನೀರಿನ ಮ್ಯಾಲೂ ಹಸುರ ಬಳದಾರಲ್ರಿ? ನೀರಿನ್ಯಾಗೂ ಬರ್ತೈತೇನು?"

"ದೊಡ್ಡ ಕಂಪನ್ಯಾರು ಮೀನಿಗೂ ಮೋಸ ಮಾಡಂಗಿಲ್ರಿ," ಎಂದ ಶಂಕರೆಪ್ಪ ಗಂಭೀರವಾಗಿ.

ಬಸವ ಜಯಂತಿಯ ಮರುದಿನ ಮನೆ ನೋಡಲು ಬರುವುದೆಂದು ಅಲ್ಲೇ ಮಾತಾಯಿತು. ಹೆಣ್ಣಿನವರು ಮೊದಲು ಬಂದು ಮನೆ ನೋಡುವುದು ಈ ಕಡೆಯ ಪದ್ಧತಿ. ನೀರು ಕುಡಿದು ನೋಡುತ್ತಾರೆ, ದನದ ಮೈ ಸವರಿ ನೋಡುತ್ತಾರೆ, ಜೋಳದ ಚೀಲದಲ್ಲಿ ಕೈ ಹಾಕಿ ನೋಡುತ್ತಾರೆ. ಈಗ ಅದರ ಜೊತೆ ಫೋನು ಎತ್ತಿ ಹಿಡಿದು ನೋಡುವುದೂ ಸೇರಿತು.

ಶಂಕರೆಪ್ಪ ಊರಿಗೆ ಹೊರಟ. ಬಾಗೇವಾಡಿಯಲ್ಲಿ ಫೋನಿನ ನೆತ್ತಿಯ ಮೇಲೆ ನೆಟ್‌ವರ್ಕಿನ ನಾಲ್ಕು ಕಡ್ಡಿಗಳಿದ್ದವು. ಮಸಾರಿಯ ಕೆಂಪು ನೆಲ ದಾಟಿ ಬಸ್ಸು ಕಪ್ಪು ಎರೆಭೂಮಿಗೆ ಬಂದಾಗ ಎರಡು. ಕಾಲುವೆಯ ಸೇತುವೆಯ ಮೇಲೆ ಒಂದು. ಹತ್ತಿಗುಣಕಿಯ ಬೇವಿನ ಮರಗಳು ಕಂಡ ಕೂಡಲೇ ಆ ಒಂದು ಕಡ್ಡಿಯೂ ನಾಚಿದ ಸೊಸೆಯಂತೆ ಒಳಗೆ ಹೋಯಿತು. ಮೂರು ವರ್ಷದಿಂದ ಅದು ಹಾಗೇ ಹೋಗುತ್ತಿತ್ತು. ಇದು ಶಂಕರೆಪ್ಪನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಬಾಗೇವಾಡಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಜುಲ್ಫಿಕರ ಹಿಂದೊಮ್ಮೆ ಇದೇ ನಕಾಶೆ ತೋರಿಸಿ, "ಕಾಕಾ, ನೀವು ಪಕ್ಕಾ ಹಸುರಿನ್ಯಾಗ ಅದೀರಿ," ಎಂದಿದ್ದ. "ನಾ ಹಸುರಿನ್ಯಾಗ ಅದೇನಿ ಮಾರಾಯಾ, ಫೋನ್ ಇಲ್ಲ," ಎಂದು ಶಂಕರೆಪ್ಪ ಹೇಳಿದರೂ, ಕಂಪನಿಯ ನಕಾಶೆ ಸುಳ್ಳಾಗಲಿಕ್ಕಿಲ್ಲ, ತಪ್ಪು ತನ್ನ ಮನೆಯದೇ ಇರಬೇಕು ಎಂಬ ನಂಬಿಕೆ ಅವನ ಮನಸ್ಸಿನಲ್ಲಿ ಕುಳಿತಿತ್ತು.

ಊರಿನಲ್ಲಿ ನೆಟ್‌ವರ್ಕ್ ಇಲ್ಲವೇ ಇಲ್ಲ ಎಂದೂ ಅಲ್ಲ. ಒಂದು ಜಾಗದಲ್ಲಿ ಇತ್ತು. ಆ ಜಾಗ ಬಸಣ್ಣನ ಕಣಕಿ ಬಣಿವೆಯ ನೆತ್ತಿ.

ಬಸಣ್ಣ ಎಂದರೆ ಶಂಕರೆಪ್ಪನ ಗೋಡೆಯಾಚೆಯ ಮನೆಯವನು. ಸುಗ್ಗಿ ಮುಗಿದ ಮೇಲೆ ಅವನ ಮಗ ಶ್ರೀಶೈಲ ಹಿತ್ತಲಲ್ಲಿ ಜೋಳದ ಕಣಕಿ ಒಟ್ಟುತ್ತ ಬಣಿವೆಯ ತುದಿಗೆ ಹೋದಾಗ, ಕಿಸೆಯಲ್ಲಿದ್ದ ಫೋನು ಒಂದು ತಿಂಗಳ ಮೆಸೇಜುಗಳನ್ನೆಲ್ಲ ಒಮ್ಮೆಲೇ ಕಾರಿಕೊಂಡಿತ್ತು. ಅಂದಿನಿಂದ ಊರೆಲ್ಲ ಅಲ್ಲಿಗೇ ಹತ್ತುವುದು. ಬಸಣ್ಣನ ಹೆಂಡತಿ ಗುಂಡವ್ವ ನಿಚ್ಚಣಿಕೆ ಹಚ್ಚಿಟ್ಟು, "ಚಪ್ಪಲಿ ಬಿಟ್ಟ ಹತ್ರಿ, ದನಾ ತಿನ್ನೂದೈತಿ," ಎಂದು ಕೆಳಗೆ ಕುಳಿತು ಕೂಗುತ್ತಿದ್ದಳು. ಶಂಕರೆಪ್ಪನೂ ತನ್ನ ಹಿತ್ತಲಲ್ಲಿ ಅಷ್ಟೇ ಎತ್ತರದ ಬಣಿವೆ ಒಟ್ಟಿ ಹತ್ತಿ ನೋಡಿದ್ದ. ಒಂದು ಕಡ್ಡಿಯೂ ಬರಲಿಲ್ಲ. ಸರ್ವೇದವರು ಹಾಕಿದ ಗಡಿಕಲ್ಲನ್ನು ಊರಲ್ಲಿ ಯಾರೂ ಮಾನ್ಯ ಮಾಡಿರಲಿಲ್ಲ, ಈ ನೆಟ್‌ವರ್ಕ್ ಮಾಡಿತ್ತು.

ಬಸಣ್ಣನಿಗೂ ಶಂಕರೆಪ್ಪನಿಗೂ ಬಚ್ಚಲ ನೀರಿನ ಜಗಳ. ಮೊದಲು ಲೇ, ಬಾರಲೇ ಎನ್ನುತ್ತಿದ್ದವರು ಜಗಳವಾದ ಮೇಲೆ ರೀ ಹಚ್ಚಿ ಮಾತಾಡುತ್ತಿದ್ದರು. ಊರಲ್ಲಿ ಇಷ್ಟು ಮರ್ಯಾದೆಯಿಂದ ಮಾತಾಡುವ ವೈರಿಗಳು ಬೇರೆ ಇರಲಿಲ್ಲ. ಜೊತೆಗೆ ಶ್ರೀಶೈಲನಿಗೂ ಕನ್ಯೆ ಸಿಕ್ಕಿರಲಿಲ್ಲ. ತಾಳಿಕೋಟೆಯ ಸುದ್ದಿ ಗೋಡೆ ದಾಟಿದರೆ ಬಸಣ್ಣ ಆ ಸಂಬಂಧಕ್ಕೆ ಕಲ್ಲು ಹಾಕದೆ ಬಿಡುವವನಲ್ಲ. ಆದ್ದರಿಂದ ಶಂಕರೆಪ್ಪ ಹೆಂಡತಿ ಇಂದುಬಾಯಿಯಿಂದ ಹಿಡಿದು ಸ್ವತಃ ಸಂಗಮೇಶನ ತನಕ ಎಲ್ಲರ ಬಾಯಿಗೂ ಬೀಗ ಹಾಕಿಸಿದ.

ಒಂದು ಮಧ್ಯಾಹ್ನ ಬಸಣ್ಣ ಹೊಲಕ್ಕೆ ಹೋದದ್ದು ನೋಡಿ, ಜೀವನದಲ್ಲಿ ಮೊದಲ ಸಲ ವೈರಿಯ ಬಣಿವೆ ಹತ್ತಿದ. ಮೇಲೆ ಮೂರು ಕಡ್ಡಿ! ಕಂಪನಿಗೆ ಫೋನು ಹಚ್ಚಿದ. ಬೆಂಗಳೂರಿನ ಕಡೆಯ ಒಬ್ಬ ಹುಡುಗಿ ಎತ್ತಿದಳು.

"ನಮ್ಮೂರಾಗ ನೆಟ್‌ವರ್ಕ್ ಬರವಲ್ದವ್ವಾ."

"ಸರ್, ಈಗ ನೀವು ಮಾತಾಡ್ತಿರೋದು ನಿಮ್ಮ ಊರಿಂದಾನೇನಾ?"

"ಹೌದು, ಊರಾಗಿಂದನ."

"ನಿಮ್ಮ ಧ್ವನಿ ತುಂಬ ಸ್ಪಷ್ಟವಾಗಿ ಬರ್ತಿದೆ ಸರ್."

"ಅಯ್ಯ, ನಾ ಬಣಿವಿ ಮ್ಯಾಲ ನಿಂತೇನಿ!"

"ಬಣಿವಿ ಅನ್ನೋದು ನಿಮ್ಮ ಬಡಾವಣೆ ಹೆಸರಾ ಸರ್?"

"ಕಣಕಿ ಬಣಿವಿ! ಜ್ವಾಳದ ದಂಟು! ದನಾ ತಿಂತಾವ!"

"ಬರ್ಕೊಂಡೆ ಸರ್. ನಮ್ಮ ನಕ್ಷೆ ಪ್ರಕಾರ ನೀವಿರೋ ಜಾಗದಲ್ಲಿ ಅತ್ಯುತ್ತಮ ನೆಟ್‌ವರ್ಕ್ ಇದೆ. ನೀವೂ ಅಲ್ಲಿಂದಾನೇ ಮಾತಾಡ್ತಿದ್ದೀರ. ಹಾಗಾದ್ರೆ ದೂರು ಪರಿಹಾರ ಆಗಿದೆ ಅಂತ ಮುಚ್ಚಬಹುದಾ?"

"ಮುಚ್ಚಬ್ಯಾಡ!" ಎಂದು ಕೂಗುವ ರಭಸಕ್ಕೆ ಕಾಲು ಜಾರಿ ಶಂಕರೆಪ್ಪ ಒಂದು ಮೊಳ ಕೆಳಗೆ ಬಂದ. ಫೋನು ಅಲ್ಲೇ ಕಟ್ಟಾಯಿತು. ದೂರು ದಾಖಲಿಸಬೇಕಾದರೆ ನೆಟ್‌ವರ್ಕ್ ಇರಬೇಕು, ನೆಟ್‌ವರ್ಕ್ ಇದ್ದರೆ ದೂರೇ ಇಲ್ಲ. ಇಂಥ ನ್ಯಾಯ ಶಂಕರೆಪ್ಪ ತಹಸೀಲ್ದಾರ ಕಚೇರಿಯಲ್ಲೂ ಕಂಡಿರಲಿಲ್ಲ.

ಆದರೆ ಜಾರಿದ್ದರಿಂದ ಒಂದು ಉಪಕಾರವಾಯಿತು. ಮೇಲೆ ಹೋದರೆ ಮೂರು ಕಡ್ಡಿ, ಒಂದು ಮೊಳ ಕೆಳಗೆ ಬಂದರೆ ಸೊನ್ನೆ ಎಂಬುದು ಗೊತ್ತಾಯಿತು. ಅದೇ ಹೊತ್ತಿಗೆ ಗುಂಡವ್ವ ನಿಚ್ಚಣಿಕೆ ಹತ್ತಿ ಬಂದು ಬಣಿವೆಯ ತಲೆಯಿಂದಲೇ ಒಂದು ತೆಕ್ಕೆ ಕಣಕಿ ಎಳೆದು ಎಮ್ಮೆಗಳ ಮುಂದೆ ಒಗೆದಳು. ಎರಡು ಎಮ್ಮೆಗಳು ಕಣ್ಣು ಅರೆಮುಚ್ಚಿ ಮೆಲ್ಲತೊಡಗಿದವು. ಎಮ್ಮೆಗಳು ತಿನ್ನುತ್ತಿದ್ದದ್ದು ಕಣಕಿಯಲ್ಲ, ಸಂಗಮೇಶನ ಮದುವೆ. ಬಸವ ಜಯಂತಿಯ ಹೊತ್ತಿಗೆ ಬಣಿವೆ ಆಳೆತ್ತರ ಇಳಿದಿರುತ್ತದೆ!

ಮಾರನೆಯ ಮುಂಜಾನೆ ಹತ್ತಿಗುಣಕಿ ಒಂದು ವಿಚಿತ್ರ ನೋಡಿತು. ಶಂಕರೆಪ್ಪ ತನ್ನ ಸ್ವಂತ ಬಣಿವೆಯ ಕಣಕಿ ತಲೆಯ ಮೇಲೆ ಹೊತ್ತು, ಗೋಡೆ ಬಳಸಿ, ಬಸಣ್ಣನ ಎಮ್ಮೆಗಳ ಮುಂದೆ ಹಾಕಿ, ಅವುಗಳ ಬೆನ್ನು ಚಪ್ಪರಿಸಿ ಬಂದ. ಅದರ ಮಾರನೆಯ ದಿನವೂ ಹಾಕಿದ. ಅದರ ಮಾರನೆಯ ದಿನ ಹಿಂಡಿಯನ್ನೂ ಒಯ್ದ.

ಮಲ್ಲಣ್ಣನ ಚಹಾದಂಗಡಿಯಲ್ಲಿ ಬೇರೆ ಮಾತೇ ಇರಲಿಲ್ಲ. ಒಬ್ಬರು ಶಂಕರೆಪ್ಪ ಆ ಎಮ್ಮೆ ಖರೀದಿ ಮಾಡಿದ್ದಾನೆ ಎಂದರು. ಇನ್ನೊಬ್ಬರು, "ಖರೀದಿ ಮಾಡಿದ್ರ ಮನಿಗೆ ಹೊಡಕೊಂಡ ಹೋಗೂದಿಲ್ಲೇನು? ಮುಪ್ಪಿನ ಮರವು ಬಂದೈತಿ. ಯಾವ ಮನಿ ತನ್ನದು ಅನ್ನೂದ ಗೊತ್ತಾಗವಲ್ದು," ಎಂದರು. ಮಲ್ಲಣ್ಣ ಮಾತ್ರ ಕಪ್ಪು ಬಸಿ ತೊಳೆಯುತ್ತ, "ವೈರಿ ಎಮ್ಮಿಗೆ ಮೇವು ಹಾಕತಾನಂದ್ರ, ಮೇವಿನ್ಯಾಗ ಏನೋ ಐತಿ," ಎಂದ.

ಈ ಮಾತು ಬಸಣ್ಣನ ಕಿವಿ ಹೊಕ್ಕಿತು. ಸಂಜೆಯ ಹೊತ್ತಿಗೆ ಎರಡೂ ಎಮ್ಮೆಗಳ ಕೊಂಬಿಗೆ ನಿಂಬೆಹಣ್ಣು, ಮೆಣಸಿನಕಾಯಿ ತೂಗಿದವು. ಆದರೂ ಅವು ದಿನದಿಂದ ದಿನಕ್ಕೆ ಮಿಂಚತೊಡಗಿದವು, ಹಾಲು ಹೆಚ್ಚಾಯಿತು. ಇದೆಂಥ ಮಾಟ ಎಂದು ತಿಳಿಯದೆ ಬಸಣ್ಣ ಕೊನೆಗೆ ಗೋಡೆಯ ಮೇಲಿನಿಂದ ತಲೆ ತೂರಿಸಿದ.

"ಶಂಕರೆಪ್ಪನವರ, ನಮ್ಮ ಎಮ್ಮಿಗೋಳ ಮ್ಯಾಲ ಇಷ್ಟ ಪ್ರೀತಿ ಯಾಕರೀ?"

ಶಂಕರೆಪ್ಪ ತಡವರಿಸಿದ. "ಹರಕಿರೀ. ಬಸವ ಜಯಂತಿ ತನಕ ದಿನಾ ದನಕ್ಕ ಮೇವು ಹಾಕತೇನಂತ ಹೊತ್ತೇನಿ."

"ನಿಮ್ಮ ಮನ್ಯಾಗ ದನಾ ಇಲ್ಲೇನ್ರಿ?"

"ಸ್ವಂತ ದನಕ್ಕ ಯಾರ ಬೇಕಾದವರ ಹಾಕತಾರ. ನಂದು ವೈರಿ ದನಕ್ಕ ಹಾಕೂ ಹರಕಿರೀ."

ಬಸಣ್ಣ ಒಮ್ಮೆ ಎಮ್ಮೆಗಳ ಕಡೆ ನೋಡಿದ. ಭಕ್ತಿಯ ವಿಷಯದಲ್ಲಿ ಅಡ್ಡ ಬರುವುದು ಸರಿಯಲ್ಲ.

"ಹಂಗಾದ್ರ ಆ ಕರೀ ಎಮ್ಮಿಗೆ ಒಂದ್ ಸಿವುಡು ಹೆಚ್ಚ ಹಾಕ್ರಿ. ಗಬ್ಬ ಐತಿ," ಎಂದು ಹೇಳಿ ತಲೆ ಒಳಗೆಳೆದುಕೊಂಡ.

ಶಂಕರೆಪ್ಪನ ಬಣಿವೆ ಕರಗಿತು. ಬಸಣ್ಣನ ಬಣಿವೆ ಒಂದು ಕಡ್ಡಿ ಅಲುಗದೆ ನಿಂತಿತು. "ಮಗನ ಮದುವ್ಯಾಗ ನಮ್ಮ ದನಾ ಉಪಾಸ ಇರ್ತಾವು," ಎಂದು ಇಂದುಬಾಯಿ ಗೊಣಗಿದಳು. "ಸೊಸಿ ಬಂದ್ಮ್ಯಾಲ ಎಲ್ಲಾ ಬರ್ತೈತಿ, ಸುಮ್ಮಕುಂದರ," ಎಂದ ಶಂಕರೆಪ್ಪ. ಅವನ ಯುಕ್ತಿ ತಯಾರಿತ್ತು. ಬೀಗರು ಬಂದ ಕೂಡಲೇ ಗಾಳಿಗೆ ಕೂಡ್ರೋಣ ಬರ್ರಿ ಎಂದು ಸೀದಾ ಬಣಿವೆಯ ಮೇಲೆ ಜಮಖಾನೆ ಹಾಸುವುದು. ಗುಂಡವ್ವನಿಗೆ ಶೇಂಗಾ ಹೋಳಿಗೆ ಕೊಟ್ಟು ಒಪ್ಪಿಸುವುದು. ಬಣಿವೆ ಯಾರದು ಎಂದು ಬೀಗರು ಯಾಕೆ ಕೇಳುತ್ತಾರೆ?

ಬಸವ ಜಯಂತಿಯ ಮರುದಿನ ಮುಂಜಾನೆ ಶಂಕರೆಪ್ಪ ಹೊಸ ಧೋತರ ಉಟ್ಟು, ಜಮಖಾನೆ ಬಗಲಲ್ಲಿ ಹಿಡಿದು ಹಿತ್ತಲಿಗೆ ಬಂದ. ಗೋಡೆಯಾಚೆ ಆಕಾಶ ಬಹಳ ಕಾಣುತ್ತಿತ್ತು. ಎಂದೂ ಕಾಣದ ಊರಬಾಗಿಲ ಅಗಸಿಯ ಗೋಪುರ ಕೂಡ ಕಾಣುತ್ತಿತ್ತು. ಬಣಿವೆ ಕಾಣುತ್ತಿರಲಿಲ್ಲ.

ಓಣಿಯಲ್ಲಿ ಟ್ರ್ಯಾಕ್ಟರ್ ನಿಂತಿತ್ತು. ಟ್ರೇಲರಿನಲ್ಲಿ ಕಣಕಿ ಬೆಟ್ಟದಂತೆ ತುಂಬಿತ್ತು. ಬಸಣ್ಣ ಹಗ್ಗ ಬಿಗಿಯುತ್ತಿದ್ದ.

"ಇದೇನ್ರೀ ಬಸಣ್ಣನವರ?"

"ಸಿಂದಗಿಯವರಿಗೆ ಮಾರಿದೆರಿ," ಎಂದ ಬಸಣ್ಣ, ಎಂದೂ ಇಲ್ಲದ ಕೃತಜ್ಞತೆಯಿಂದ. "ನಿಮ್ಮ ಹರಕಿಯಿಂದ ಮ್ಯಾವೆಲ್ಲಾ ಉಳೀತಲ್ರಿ. ಸುಮ್ಮ ಇಟಗೊಂಡು ಏನ್ ಮಾಡೂದು? ಬಂದ ರೊಕ್ಕದಾಗ ಮ್ಯಾಲ ಒಂದ್ ಖೋಲಿ ಎತ್ತಬೇಕಂತ ಮಾಡೇನಿ."

ಶಂಕರೆಪ್ಪ ಬಾಯಿ ತೆರೆಯುವಷ್ಟರಲ್ಲಿ ಓಣಿಯ ಆ ತುದಿಯಲ್ಲಿ ಜೀಪು ಹಾರ್ನು ಹೊಡೆಯಿತು. ಬೀಗರು!

ಜೀಪಿನಿಂದ ಗುರಣ್ಣ ಇಳಿದರು. ಅವರ ಅಕ್ಕ ಸಿದ್ದವ್ವ ಇಳಿದಳು. ಸಂಬಂಧ ಕೂಡಿಸುವುದೂ ಮುರಿಯುವುದೂ ಆ ಮನೆಯಲ್ಲಿ ಈಕೆಯ ಕೆಲಸ. ಕೊನೆಗೆ ಹೆಗಲಿಗೆ ಚೀಲ ಹಾಕಿಕೊಂಡು ಹುಡುಗಿಯೇ ಇಳಿದಳು. ಹೆಣ್ಣು ತಾನೇ ಮನೆ ನೋಡಲು ಬಂದದ್ದು ಕಂಡು ಇಂದುಬಾಯಿ ಸೆರಗು ಬಾಯಿಗೆ ಹಿಡಿದಳು.

"ನೀರು, ದನಾ ಎಲ್ಲಾ ನೀವು ನೋಡ್ರಿ ಅಪ್ಪಾ," ಎಂದಳು ಪಲ್ಲವಿ. "ನೆಟ್‌ವರ್ಕ್ ನಾ ನೋಡ್ತೇನಿ."

ಪಡಸಾಲೆಯಲ್ಲಿ ಮಶೀನು ಹೊರಗೆ ಬಂತು. ಸುದ್ದಿ ಹೇಗೆ ಹಬ್ಬಿತೋ, ಚಹಾ ಬರುವ ಮೊದಲೇ ಊರಿನ ಮುದುಕ ಮುದುಕಿಯರು ಹೆಬ್ಬೆಟ್ಟು ಒರೆಸಿಕೊಂಡು ಬಾಗಿಲಲ್ಲಿ ಸಾಲುಗಟ್ಟಿದರು. ಪಗಾರಕ್ಕೆಂದು ಪ್ರತಿ ತಿಂಗಳು ಮನಗೂಳಿಯ ತನಕ ಬಸ್ಸಿನಲ್ಲಿ ನೇತಾಡುವವರು ಅವರು. ಮಶೀನಿನ ಮೇಲೆ ಒಂದು ಚಕ್ರ ತಿರುಗಿತು. ತಿರುಗುತ್ತಲೇ ಇತ್ತು.

"ಬರ್ತೈತ್ರಿ, ಈಗ ಹೊಲಕ್ಕ ಹೋಗಿರಬೇಕು," ಎಂದ ಶಂಕರೆಪ್ಪ, ನೆಟ್‌ವರ್ಕ್ ತನ್ನ ಮನೆಯ ಆಳು ಎನ್ನುವಂತೆ.

ಪಲ್ಲವಿ ಅಡುಗೆಮನೆಗೆ ಹೋದಳು, ಕೊಟ್ಟಿಗೆಗೆ ಹೋದಳು, ಮಾಳಿಗೆ ಹತ್ತಿದಳು. ಇಳಿದು ಬಂದು ಕೇಳಿದಳು: "ಮಾವಾರ, ಕೊಟ್ಟಿಗ್ಯಾಗೂ ಫುಲ್ ಬರ್ತೈತಿ ಅಂದಿದ್ರಂತಲ್ರಿ?"

ಶಂಕರೆಪ್ಪನಿಗೆ ಬೇರೆ ದಾರಿ ತೋಚಲಿಲ್ಲ. ಓಣಿಗೆ ಓಡಿ, ಹೊರಟಿದ್ದ ಟ್ರ್ಯಾಕ್ಟರಿನ ಮುಂದೆ ಎರಡೂ ಕೈ ಚಾಚಿ ನಿಂತ. "ಒಂದ್ ತಾಸು ನಿಂದರಪಾ! ಬೀಗರ, ಈ ಕಣಕಿ ಮ್ಯಾಲ ಹತ್ರಿ! ಇದರ ಮ್ಯಾಲ ಮೂರು ಕಡ್ಡಿ ಬರ್ತಾವು!"

ಗುರಣ್ಣ ಅಕ್ಕನ ಮುಖ ನೋಡಿದರು. ಸಿದ್ದವ್ವ ಜೀಪಿನ ಕಡೆ ನೋಡಿದಳು. ಪಾಪ, ಶಂಕರೆಪ್ಪ ತಾನೇ ಹಗ್ಗ ಹಿಡಿದು ಟ್ರೇಲರ್ ಏರಿ, ಫೋನು ಆಕಾಶಕ್ಕೆ ಹಿಡಿದು ಸುತ್ತಲೂ ತಿರುಗಿದ. ಒಂದು ಕಡ್ಡಿಯೂ ಇಲ್ಲ.

ಹೆಬ್ಬೆಟ್ಟು ಎತ್ತಿಕೊಂಡು ನಿಂತಿದ್ದ ಒಬ್ಬ ಮುದುಕಿಗೆ ತಡೆಯಲಾಗಲಿಲ್ಲ. "ಏ ಶಂಕ್ರೆಪ್ಪಾ, ಹುಚ್ಚ ಹಿಡೀತೇನೋ? ನೆಟ್‌ವರ್ಕ್ ಕಣಕ್ಯಾಗ ಐತೇನು? ಅದು ಬಸಣ್ಣನ ಹಿತ್ತಲ ಮ್ಯಾಲ ಐತಿ. ತಂಗೀ, ಇಲ್ಲಿ ಬಾ, ಆ ಬಣಿವಿ ಇದ್ದ ಜಾಗಾ ತೋರಸ್ತೇನಿ."

ಊರೆಲ್ಲ ಹುಡುಗಿಯನ್ನು ಕರೆದುಕೊಂಡು ಬಸಣ್ಣನ ಹಿತ್ತಲಿಗೆ ನಡೆಯಿತು. ಶಂಕರೆಪ್ಪ ಟ್ರೇಲರಿನಿಂದ ಇಳಿದು ಗೋಡೆಯ ಈಚೆಯಿಂದ ನೋಡುತ್ತಲೇ ಉಳಿದ. ಶ್ರೀಶೈಲ ಖಾಲಿ ಬಿದ್ದಿದ್ದ ನಿಚ್ಚಣಿಕೆ ತಂದು ಬಯಲಲ್ಲೇ ನೆಟ್ಟಗೆ ನಿಲ್ಲಿಸಿ ಎರಡೂ ಕೈಯಿಂದ ಅವುಚಿ ಹಿಡಿದ. ಪಲ್ಲವಿ ಸೆರಗು ಸಿಕ್ಕಿಸಿಕೊಂಡು, ಚಪ್ಪಲಿ ಬಿಟ್ಟು, ಮಶೀನು ಹಿಡಿದು ಹತ್ತಿದಳು. ಮೇಲಿನ ಮೆಟ್ಟಿಲಲ್ಲಿ ಮಶೀನು ಕುಂಯ್ ಎಂದಿತು.

"ಮೂರು ಕಡ್ಡಿ ಅದಾವ್ರಿ ಅಪ್ಪಾ!"

ಮುದುಕರು ಚಪ್ಪಾಳೆ ತಟ್ಟಿದರು. ಗೋಡೆಯ ಈಚೆ ಸಂಗಮೇಶ ಚಹಾದ ತಾಟು ಹಿಡಿದು ನಿಂತಿದ್ದ. ಸಿದ್ದವ್ವ ಅವನನ್ನು ನೋಡಿದಳು, ಗೋಡೆಯಾಚೆಯ ನಿಚ್ಚಣಿಕೆಯನ್ನು ನೋಡಿದಳು. ಆಮೇಲೆ ಎಲೆಯಡಿಕೆಯ ಸಂಚಿ ತೆಗೆದು, ಎಲೆಗೆ ಸುಣ್ಣ ಹಚ್ಚುತ್ತ, ಪೇಟೆಯಲ್ಲಿ ದರ ಕೇಳುವ ಧ್ವನಿಯಲ್ಲಿ ಕೇಳಿದಳು:

"ಶಂಕರೆಪ್ಪನವರ, ಈ ಬಾಜೂ ಮನಿಯವರಿಗೆ ಗಂಡ ಮಕ್ಕಳು ಅದಾವೇನ್ರಿ?"

ಶಂಕರೆಪ್ಪನಿಗೆ ಇಲ್ಲ ಎಂದು ಬೆಳೆಸಿ ಹೇಳುವ ಮನಸ್ಸಿತ್ತು. ಅಷ್ಟರಲ್ಲಿ ಗೋಡೆಯ ಮೇಲೆ ಗುಂಡವ್ವನ ಮುಖ ಮೂಡಿತು.

"ಒಬ್ಬಾಂವ ಅದಾನ್ರೀ ಯಕ್ಕಾ! ನಿಚ್ಚಣಿಕಿ ಹಿಡದಾನ ನೋಡ್ರಿ, ಅಂವನ!"

ಕಾರಹುಣ್ಣಿಮೆಗೆ ಮುಂಚೆಯೇ ಶ್ರೀಶೈಲ, ಪಲ್ಲವಿಯರ ತಲೆಯ ಮೇಲೆ ಅಕ್ಕಿಕಾಳು ಬಿದ್ದವು. ಮದುವೆಯ ಪಂಕ್ತಿಯಲ್ಲಿ ಸಂಗಮೇಶನೇ ಸಾರಿನ ಬಕೀಟು ಹಿಡಿದು ಓಡಾಡಿದ. ಅಪ್ಪನ ಎಲೆಯ ಹತ್ತಿರ ಬಂದಾಗ ಒಂದೇ ಮಾತು ಹೇಳಿದ: "ಅಪ್ಪಾ, ನೀ ನಕಾಶಿ ತೋರ್ಸೂ ಬದ್ಲಿ ನನ್ನ ತೋರಿಸಬೇಕಾಗಿತ್ತು."

ಕಣಕಿಯ ರೊಕ್ಕದಲ್ಲಿ ಬಸಣ್ಣನ ಹಿತ್ತಲಲ್ಲಿ ಬಣಿವೆಯಷ್ಟೇ ಎತ್ತರಕ್ಕೆ ಖೋಲಿ ಎದ್ದಿತು. ಕಬ್ಬಿಣದ ಮೆಟ್ಟಿಲು, ತಗಡಿನ ಮಾಡು, ಬ್ಯಾಂಕಿನ ಬೋರ್ಡು. ಶಂಕರೆಪ್ಪ ಬಾಗೇವಾಡಿಗೆ ಹೋಗಿ ಜುಲ್ಫಿಕರನ ಮುಂದೆ ಹಾರಾಡಿದ. ಜುಲ್ಫಿಕರ ನಕಾಶೆ ತೆಗೆದು ಸಮಾಧಾನದಿಂದ ವಿವರಿಸಿದ: "ಕಾಕಾ, ಕಂಪನ್ಯಾರು ಹತ್ತಿಗುಣಕ್ಯಾಗ ಐತಿ ಅಂದಾರು. ಐತೋ ಇಲ್ಲೋ? ನಿಮ್ಮ ಮನ್ಯಾಗ ಐತಿ ಅಂತ ಎಲ್ಲಿ ಅಂದಾರು?"

ಶ್ರಾವಣದಲ್ಲಿ ಅವನಿಗೂ ಮುದುಕರ ಪಗಾರ ಮಂಜೂರಾಯಿತು. ಮೆಟ್ಟಿಲು ಹತ್ತಿ ಮೇಲೆ ಹೋದ. ಪಲ್ಲವಿ ಎದ್ದು ನಿಂತು ಮರ್ಯಾದೆ ಮಾಡಿ, ಅವನ ಹೆಬ್ಬೆಟ್ಟು ಹಿಡಿದು ಮಶೀನಿನ ಮೇಲಿಟ್ಟಳು. ಒರೆಸಿ ಇಟ್ಟಳು. ತಿರುಗಿಸಿ ಇಟ್ಟಳು. ಮಶೀನು ಒಪ್ಪಲಿಲ್ಲ.

"ಗೆರಿ ಎಲ್ಲಾ ಸವದಾವ್ರಿ ಕಾಕಾರ. ಬ್ಯಾಸಿಗ್ಯಾಗ ಕಣಕಿ ಬಾಳ ಹೊತ್ತೀರೇನು?"

ಶಂಕರೆಪ್ಪ ಕೆಳಗಿಳಿದು ಬಂದು ತನ್ನ ಮನೆಯ ಕಟ್ಟೆಯ ಮೇಲೆ ಕುಳಿತ. ಫೋನು ತೆಗೆದು ನೋಡಿದ. ಕಡ್ಡಿ ಇಲ್ಲ. ಅಷ್ಟರಲ್ಲಿ ಗೋಡೆಯಾಚೆಯಿಂದ ಕರೀ ಎಮ್ಮೆ ಉದ್ದಕ್ಕೆ ರಾಗ ತೆಗೆದು ಕೂಗಿತು. ಹರಕೆ ಮುಗಿದ ಸುದ್ದಿಯನ್ನು ಅದಕ್ಕೆ ಯಾರೂ ತಿಳಿಸಿರಲಿಲ್ಲ. ಬೇರೆಯವರ ಕೈಯ ಮೇವು ಮೂಸಿಯೂ ನೋಡುತ್ತಿರಲಿಲ್ಲ. ಇನ್ನೊಂದು ಸಲ ಕೂಗಿತು.

ಒಳಗಿನಿಂದ ಇಂದುಬಾಯಿ ಹೇಳಿದಳು:

"ಏಳ್ರಿ, ನಿಮಗ ಫೋನ್ ಬಂತು."